ಮದುವೆ ನಿಂತ ಮರುದಿನ

2009ರ ಬೇಸಿಗೆಯಲ್ಲಿ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯನ್ನು ನಾವು ಬೆಳಗಿನ ಐದಕ್ಕೆ ಮುಟ್ಟಿದಾಗ ಹಂದರದ ಮುಂದೆ ಮದುಮಕ್ಕಳಿಗೆ ಎರೆಯುವ ಸುರಗಿ ನೀರಿನ ತಯಾರಿ ನಡೆದಿತ್ತು. ಹುಡುಗಿಗೆ ಹದಿನೈದು ವರ್ಷ. ಅಕ್ಕನ ಮದುವೆಗೆ ಹಾಕಿದ ಹಂದರದಲ್ಲೇ ಇವಳದೂ ಮುಗಿದರೆ ಒಂದು ಖರ್ಚು ಉಳಿಯುತ್ತದೆ ಎಂಬುದು ಮನೆಯವರ ಲೆಕ್ಕ. ನಾನು ಮಹಿಳಾ ಹಕ್ಕುಗಳಿಗಾಗಿ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿ ಕ್ಷೇತ್ರ ಕಾರ್ಯಕರ್ತೆಯಾಗಿ ಸೇರಿ ಆಗ ಎರಡನೆಯ ವರ್ಷ. ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಪೊಲೀಸರು, ಪಂಚಾಯಿತಿ ಕಾರ್ಯದರ್ಶಿ ಎರಡು ಜೀಪುಗಳಲ್ಲಿ ಬಂದಿದ್ದರು. ಅಕ್ಕಿಕಾಳು ಬೀಳುವ ಮೊದಲೇ ಕಿರಿಯವಳ ಮದುವೆ ನಿಂತಿತು. ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲವೆಂದು ತಂದೆತಾಯಿ ಮುಚ್ಚಳಿಕೆ ಬರೆದುಕೊಟ್ಟರು. ತಾಯಿ ಹೆಬ್ಬೆಟ್ಟು ಒತ್ತಿದಾಗ ಬೆರಳಿನ ಅರಿಷಿಣ ಮಸಿಯೊಂದಿಗೆ ಬೆರೆತು ಕಾಗದದ ಮೇಲೆ ಹಸಿರುಗಪ್ಪು ಗುರುತು ಮೂಡಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ತಿಂಗಳ ವರದಿಯಲ್ಲಿ ‘ಒಂದು ಬಾಲ್ಯವಿವಾಹ ತಡೆಯಲಾಗಿದೆ’ ಎಂದು ನಾನೇ ಬರೆದೆ.

ಇಪ್ಪತ್ತೆರಡು ದಿನಗಳ ನಂತರ ಅದೇ ಹುಡುಗಿಯ ಮದುವೆ ಸೋದರತ್ತೆಯ ಊರಿನ ಗುಡಿಯಲ್ಲಿ ರಾತ್ರಿ ಹೊತ್ತು ನಡೆದುಹೋಯಿತು. ಸುದ್ದಿ ತಿಳಿದು ಮನೆಗೆ ಹೋದಾಗ ಆ ತಾಯಿ ನನ್ನನ್ನು ಬೈಯಲಿಲ್ಲ, ರೊಟ್ಟಿ ತಟ್ಟುತ್ತಲೇ ಹೇಳಿದರು: “ಮದುವಿ ನಿಲ್ಸಾಕ ಎರಡು ಜೀಪಿನ್ಯಾಗ ಬಂದ್ರಿ ಅಕ್ಕಾರ. ಮರುದಿನ ಸಾಲಿಗೆ ಹಚ್ಚಾಕ ಒಬ್ರೂ ಬರಲಿಲ್ಲ.”

ನಾವು ಆ ಇಪ್ಪತ್ತೆರಡು ದಿನಗಳಲ್ಲಿ ಒಮ್ಮೆಯೂ ಆ ಊರಿಗೆ ಹೋಗಿರಲಿಲ್ಲವಾದ್ದರಿಂದ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವರ್ಷಗಳಲ್ಲಿ ಕಾರ್ಯಕರ್ತೆಯಾಗಿಯೂ ನಂತರ ಸಂಸ್ಥೆಯ ಮುಖ್ಯಸ್ಥೆಯಾಗಿಯೂ ನಾನು ಮಾಡಿದ್ದೆಲ್ಲ ಆ ಮಾತಿಗೆ ಉತ್ತರ ಹುಡುಕುವ ಕೆಲಸವೇ ಆಗಿತ್ತು.

ಮೊದಲು ಕಾನೂನನ್ನು ಸರಿಯಾಗಿ ಓದಿಕೊಂಡೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ 2007ರ ನವೆಂಬರ್‌ನಿಂದ ಜಾರಿಯಲ್ಲಿತ್ತು. ಆದರೆ ಅದರ ಪ್ರಕಾರ ನಡೆದುಹೋದ ಮದುವೆ ತಾನಾಗಿ ರದ್ದಾಗುತ್ತಿರಲಿಲ್ಲ. ರದ್ದು ಮಾಡಿಸಿಕೊಳ್ಳಲು ಹುಡುಗಿಯ ಕಡೆಯಿಂದಲೇ ನ್ಯಾಯಾಲಯಕ್ಕೆ ಅರ್ಜಿ ಹೋಗಬೇಕಿತ್ತು. ಮುಚ್ಚಳಿಕೆಯನ್ನೇ ನಂಬಿಕೊಂಡಿದ್ದ ನಮಗೆ 13ನೆಯ ಕಲಮಿನ ಬಲ ತಿಳಿದಿರಲಿಲ್ಲ. ಮದುವೆ ನಡೆಯಲಿದೆ ಎಂಬ ಖಚಿತ ಮಾಹಿತಿ ಇದ್ದರೆ ಸ್ವಯಂಸೇವಾ ಸಂಸ್ಥೆಯೂ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ತಡೆಯಾಜ್ಞೆ ಕೇಳಬಹುದು, ತುರ್ತು ಸಂದರ್ಭದಲ್ಲಿ ನೋಟಿಸಿಗೆ ಕಾಯದೆ ಮಧ್ಯಂತರ ಆಜ್ಞೆಯೂ ಸಿಗಬಹುದು, ಆ ಆಜ್ಞೆಯನ್ನು ಮೀರಿ ನಡೆದ ಮದುವೆ ಆರಂಭದಿಂದಲೇ ಅಸಿಂಧು. ಮುಚ್ಚಳಿಕೆ ಕುಟುಂಬದ ಮಾತು. ತಡೆಯಾಜ್ಞೆ ನ್ಯಾಯಾಲಯದ ಮಾತು. ಎರಡನ್ನೂ ಒಟ್ಟಿಗೆ ಪಡೆಯುವುದು ನಮ್ಮ ರೂಢಿಯಾದ ಮೇಲೆ ಸೋದರತ್ತೆಯ ಊರಿನ ದಾರಿ ಅಷ್ಟು ಸುಲಭವಾಗಿ ತೆರೆಯಲಿಲ್ಲ. 2017ರಲ್ಲಿ ರಾಜ್ಯದ ತಿದ್ದುಪಡಿ ಬಂದು ಕರ್ನಾಟಕದಲ್ಲಿ ಬಾಲ್ಯವಿವಾಹವೇ ಅಸಿಂಧುವಾದದ್ದು ದೊಡ್ಡ ಆಸರೆ. ವಯಸ್ಸಿನ ಪ್ರಶ್ನೆ ಬಂದಾಗ ನಾನು ಮೊದಲು ಕೇಳುವುದು ಶಾಲೆಯ ದಾಖಲಾತಿ ವಹಿಯನ್ನು. ಆಧಾರ್ ಕಾರ್ಡಿನಲ್ಲಿ ಇಸವಿ ತಿದ್ದಿಸಿಕೊಂಡು ಬಂದವರನ್ನು ನೋಡಿದ್ದೇನೆ. ಒಂದನೆಯ ತರಗತಿಗೆ ಸೇರಿಸುವಾಗ ಬರೆಸಿದ ದಿನಾಂಕವನ್ನು ತಿದ್ದಿಸುವುದು ಅವರಿಗೆ ಕಷ್ಟ.

ಇಷ್ಟಾದರೂ ಇದು ತಡೆಯುವ ಕೆಲಸ ಮಾತ್ರ. ತಡೆದ ಮೇಲೆ ಏನು ಎಂಬುದು ಗುಳೆಯ ಕಾಲದಲ್ಲಿ ಅರ್ಥವಾಯಿತು. ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಹಳ್ಳಿಗಳಲ್ಲಿ ಸುಗ್ಗಿ ಮುಗಿದರೆ ಮನೆಮಂದಿ ಬೆಂಗಳೂರು, ಮಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಚಿಕ್ಕ ಮಕ್ಕಳು ತಾಯಿಯ ಜೊತೆ ಹೋಗುತ್ತವೆ. ಹರೆಯಕ್ಕೆ ಬಂದ ಹುಡುಗಿಯನ್ನು ಅಲ್ಲಿನ ತಗಡಿನ ಶೆಡ್ಡಿನಲ್ಲಿ ಮಲಗಿಸಲು ಹೆದರಿಕೆ, ಕಣ್ಣು ಕಾಣದ ಅಜ್ಜಿಯ ಜೊತೆ ಊರಲ್ಲಿ ಬಿಡಲೂ ಹೆದರಿಕೆ. ಮದುವೆ ಮಾಡಿಬಿಟ್ಟರೆ ಹೊಣೆ ಇನ್ನೊಂದು ಮನೆಗೆ ದಾಟುತ್ತದೆ. ಇದನ್ನು ಮೂಢನಂಬಿಕೆ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ನೋವಾಗುತ್ತದೆ, ಏಕೆಂದರೆ ಆ ತಂದೆತಾಯಿಗಳ ಹೆದರಿಕೆ ನಿಜವಾದದ್ದು. ನಾವು ಕೊಡಬೇಕಾದದ್ದು ಆ ಐದಾರು ತಿಂಗಳು ಹುಡುಗಿ ಎಲ್ಲಿ ಮಲಗುತ್ತಾಳೆ ಎಂಬ ಪ್ರಶ್ನೆಗೆ ಉತ್ತರ: ಹಾಸ್ಟೆಲಿನಲ್ಲಿ ಒಂದು ಸೀಟು, ಇಲ್ಲವೇ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ ಒಂದು ಹಾಸಿಗೆ.

ಆ ಸೀಟಿಗೆ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವರ್ಗಾವಣೆ ಪತ್ರ, ಬ್ಯಾಂಕ್ ಖಾತೆ ಎಲ್ಲವೂ ಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿದ್ದರೆ ಮತ್ತೆ ಪರೀಕ್ಷೆಗೆ ಕೂರಿಸಬೇಕು, ಪರೀಕ್ಷೆಯ ದಿನ ಬೆಳಗಿನ ಬಸ್ಸಿಗೆ ಯಾರಾದರೂ ಕರೆದೊಯ್ಯಬೇಕು. ಮನೆಯಲ್ಲಿ ಒತ್ತಡ ಬಿಗಿಯಾದರೆ ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮದುವೆಯ ಅಪಾಯ ಎದುರಿಸುತ್ತಿರುವ ಮಗು ಪೋಷಣೆ ಮತ್ತು ರಕ್ಷಣೆ ಬೇಕಾದ ಮಗು ಎಂದು 2015ರ ಬಾಲನ್ಯಾಯ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಒಬ್ಬ ಹುಡುಗಿಗೆ ಹೀಗೆ ಮೂರು ವರ್ಷ ಬೇಕಾಗುತ್ತದೆ.

ಇದಕ್ಕಾಗಿ ನಾನು ರಟ್ಟಿನ ರಿಜಿಸ್ಟರೊಂದನ್ನು ಶುರು ಮಾಡಿದೆ. ಒಬ್ಬಳಿಗೆ ಒಂದು ಪುಟ. ಮೇಲ್ಭಾಗದಲ್ಲಿ ಮದುವೆ ನಿಂತ ದಿನಾಂಕ, ಅದರ ಕೆಳಗೆ ಕೆಂಪು ಶಾಯಿಯಲ್ಲಿ ಅವಳಿಗೆ ಹದಿನೆಂಟು ತುಂಬುವ ದಿನಾಂಕ. ಆ ಎರಡು ದಿನಾಂಕಗಳ ನಡುವೆ ಪ್ರತಿ ತಿಂಗಳ ಭೇಟಿ: ಶಾಲೆಗೆ ಹೋಗುತ್ತಿದ್ದಾಳೆಯೇ, ಮನೆಯವರು ಗುಳೆ ಹೋದರೇ, ಗಂಡಿನ ಕಡೆಯವರು ಮತ್ತೆ ಬಂದಿದ್ದರೇ. ಎರಡನೆಯ ದಿನಾಂಕ ದಾಟುವವರೆಗೆ ಆ ಪುಟವನ್ನು ‘ತಡೆಯಲಾಗಿದೆ’ ಎಂದು ಎಣಿಸಬಾರದೆಂದು ನಿಯಮ ಮಾಡಿಕೊಂಡೆವು.

ಈ ನಿಯಮಕ್ಕೆ ನಾವು ಬೆಲೆ ತೆತ್ತೆವು. ನಾನು ಮುಖ್ಯಸ್ಥೆಯಾದ ಮೊದಲ ವರ್ಷದಲ್ಲಿ ನಮಗೆ ನೆರವು ಕೊಡುತ್ತಿದ್ದ ದಾನಿ ಸಂಸ್ಥೆಯೊಂದು ವರ್ಷಕ್ಕೆ ಎಷ್ಟು ಮದುವೆ ನಿಲ್ಲಿಸಿದಿರಿ ಎಂಬ ಸಂಖ್ಯೆಯನ್ನಷ್ಟೇ ಕೇಳಿತು. ನಮ್ಮ ಎಣಿಕೆಯಲ್ಲಿ ಸಂಖ್ಯೆ ಸಣ್ಣದಾಯಿತು, ನೆರವು ಮುಂದುವರಿಯಲಿಲ್ಲ. 2020 ಇನ್ನೂ ಕಠಿಣವಾಗಿತ್ತು. ಕೋವಿಡ್‌ನಿಂದ ಶಾಲೆ, ಹಾಸ್ಟೆಲುಗಳು ಮುಚ್ಚಿ ಹುಡುಗಿಯರು ಊರಿಗೆ ಮರಳಿದರು. ಅದೇ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದು, ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದು ನಿಷಿದ್ಧವಾಯಿತು. ದೊಡ್ಡ ಸಂಸ್ಥೆಗಳ ಮೂಲಕ ಹಣ ಪಡೆಯುತ್ತಿದ್ದ ನಮ್ಮಂಥ ತಾಲ್ಲೂಕು ಮಟ್ಟದ ಸಂಸ್ಥೆಗಳಿಗೆ ಆ ದಾರಿ ಒಂದೇ ದಿನದಲ್ಲಿ ಮುಚ್ಚಿತು. ಹನ್ನೊಂದು ಜನ ಕಾರ್ಯಕರ್ತೆಯರಲ್ಲಿ ಆರು ಜನರನ್ನು ಮಾತ್ರ ಉಳಿಸಿಕೊಳ್ಳಲು ಸಾಧ್ಯವಾಯಿತು. ಐವರಿಗೆ ಆ ಮಾತು ಹೇಳಿದ ಸಂಜೆ ನನ್ನ ವೃತ್ತಿಯಲ್ಲೇ ಅತ್ಯಂತ ಭಾರವಾದದ್ದು.

ಆಗ ಲೆಕ್ಕಪತ್ರವನ್ನೆಲ್ಲ ಕನ್ನಡಕ್ಕೆ ತಂದು, ತಿಂಗಳ ಸಭೆಯಲ್ಲಿ ಬಾಡಿಗೆ, ಡೀಸೆಲ್, ಸಂಬಳ, ನನ್ನ ಸಂಬಳವೂ ಸೇರಿ, ಗಟ್ಟಿಯಾಗಿ ಓದಲು ಆರಂಭಿಸಿದೆವು. ಲೆಕ್ಕ ಕೇಳಿದ ಮೇಲೆ ಕಾರ್ಯಕರ್ತೆಯರೇ ಹಣ ಹುಡುಕುವ ಮಾತು ತೆಗೆದರು. ನಿವೃತ್ತ ಶಿಕ್ಷಕರು ತಿಂಗಳಿಗೆ ಐನೂರು ಕೊಟ್ಟರು, ಕೊಪ್ಪಳದ ವಕೀಲರಿಬ್ಬರು ಶುಲ್ಕ ಬಿಟ್ಟರು, ಸ್ವಸಹಾಯ ಸಂಘಗಳು ಪರೀಕ್ಷಾ ಶುಲ್ಕವನ್ನು ವಹಿಸಿಕೊಂಡವು. ಇದು ದೊಡ್ಡ ಮೊತ್ತವಲ್ಲ, ಆದರೆ ಯಾವ ಪುಟದ ಭೇಟಿಯೂ ತಪ್ಪಲಿಲ್ಲ.

ಕಳೆದ ವರ್ಷ ನಾನು ಹುದ್ದೆ ಬಿಟ್ಟುಕೊಟ್ಟೆ. ನನ್ನ ಜಾಗಕ್ಕೆ ಬಂದವರು ಹೊರಗಿನ ಪದವೀಧರರಲ್ಲ. ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಹತ್ತು ವರ್ಷ ನಡೆದ ನಮ್ಮ ಕಾರ್ಯಕರ್ತೆಯೇ. ಒಂದು ವರ್ಷ ಪೂರ್ತಿ ದಾನಿಗಳ ಸಭೆಗಳಿಗೆ ಇಬ್ಬರೂ ಒಟ್ಟಿಗೆ ಹೋಗಿ, ಉತ್ತರ ಹೇಳುವ ಕೆಲಸವನ್ನು ಅವರಿಗೇ ಬಿಟ್ಟಿದ್ದೆ. ಅಧಿಕಾರ ವಹಿಸಿಕೊಂಡ ಮೊದಲ ವಾರವೇ ಅವರು ರಿಜಿಸ್ಟರಿನ ಪ್ರತಿ ಪುಟದ ಕೆಳಗೆ, ಇಷ್ಟು ವರ್ಷ ನನಗೆ ಹೊಳೆಯದಿದ್ದ ಒಂದು ಕಲಂ ಎಳೆದರು: ತಂಗಿಯ ಹುಟ್ಟಿದ ದಿನಾಂಕ.