ಮಳೆಗಾಲ ಪೂರ್ತಿ ನಿಲ್ಲುವ ಬೈಕಿಗೆ ನಾನು ಆರಿಸಿಕೊಂಡ ಚಾರ್ಜರ್

ಮೂಡಿಗೆರೆಯ ಕಡೆ ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನನ್ನ ಬೈಕು ಕೊಟ್ಟಿಗೆಯ ಪಕ್ಕದ ಮಾಡಿನಡಿ ನಿಲ್ಲುತ್ತದೆ. ಶಾಲೆಗೆ ಹೋಗಿಬರಲು ನಾನು ಬಸ್ಸನ್ನೇ ಹಿಡಿಯುತ್ತೇನೆ. 2022ರ ಆಗಸ್ಟ್ ಕೊನೆಯಲ್ಲಿ, ಎರಡು ತಿಂಗಳ ಬಳಿಕ ಹೊದಿಕೆ ತೆಗೆದು ಕೀಲಿ ತಿರುಗಿಸಿದಾಗ ಮೀಟರಿನ ದೀಪ ಮಂಕಾಗಿ ಬೆಳಗಿತು. ಸೆಲ್ಫ್ ಒತ್ತಿದರೆ ಸೀಟಿನಡಿಯಿಂದ ರಿಲೇಯ ಟಕಟಕ ಸದ್ದಷ್ಟೇ ಬಂತು. ನನ್ನ ಹಳೆಯ ಬೈಕಿನಲ್ಲಾಗಿದ್ದರೆ ನಾಲ್ಕು ಬಾರಿ ಕಿಕ್ಕರ್ ತುಳಿದು ಹೊರಟುಬಿಡುತ್ತಿದ್ದೆ. ಇದಕ್ಕೆ ಕಿಕ್ಕರ್ ಇಲ್ಲ. 2020ರ ಏಪ್ರಿಲ್‌ನಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಬಹುಪಾಲು ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಿದೆ, ಇಂಜೆಕ್ಷನ್‌ನ ಪಂಪು ಮತ್ತು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಸಣ್ಣ ಕಂಪ್ಯೂಟರ್) ಎರಡೂ ಬ್ಯಾಟರಿಯನ್ನು ನಂಬಿಕೊಂಡಿವೆ, ಹಾಗಾಗಿ ಪೂರ್ತಿ ಇಳಿದ ಬ್ಯಾಟರಿಯಿಟ್ಟುಕೊಂಡು ಇಳಿಜಾರಿನಲ್ಲಿ ತಳ್ಳಿದರೂ ಎಂಜಿನ್ ಹತ್ತುವ ಭರವಸೆಯಿಲ್ಲ. ಅಂದು ಮಲ್ಟಿಮೀಟರ್ ಹಿಡಿದು ನೋಡಿದಾಗ ಬ್ಯಾಟರಿ 11.2 ವೋಲ್ಟ್ ತೋರಿಸಿತು.

ನಿಂತ ಬೈಕಿನ ಬ್ಯಾಟರಿ ಏಕೆ ಇಳಿಯಬೇಕು ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಲೆಡ್-ಆಸಿಡ್ ಬ್ಯಾಟರಿ ಸುಮ್ಮನಿದ್ದರೂ ತಿಂಗಳಿಗೆ ಸ್ವಲ್ಪ ಸ್ವಲ್ಪ ತಾನಾಗಿ ಇಳಿಯುತ್ತದೆ ಎಂಬುದು ಗೊತ್ತಿತ್ತು, ಆದರೆ ಅದೊಂದರಿಂದಲೇ ಇಷ್ಟು ಇಳಿಯಲಾರದು. ಬೈಕ್ ಆಫ್ ಇರುವಾಗ ಎಷ್ಟು ಕರೆಂಟ್ ಸೋರುತ್ತಿದೆಯೆಂದು ಅಳೆಯಲು ಬ್ಯಾಟರಿಯ ನೆಗೆಟಿವ್ ವೈರನ್ನು ಬಿಚ್ಚಿ, ವೈರಿಗೂ ನೆಗೆಟಿವ್ ತುದಿಗೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಜೋಡಿಸಿದೆ. (ಹೀಗೆ ಜೋಡಿಸಿರುವಾಗ ಸೆಲ್ಫ್ ಒತ್ತಬಾರದು, ಒತ್ತಿದರೆ ಮೀಟರಿನ ಫ್ಯೂಸ್ ಹೋಗುತ್ತದೆ.) ಅಷ್ಟು ಸಣ್ಣ ಕರೆಂಟ್ ಆ ಸ್ಥಾನದಲ್ಲಿ ಸರಿಯಾಗಿ ಕಾಣಲಿಲ್ಲ, ಆಮೇಲೆ ಮಿಲಿಆಂಪಿಯರ್ ಸ್ಥಾನಕ್ಕೆ ಇಳಿಸಿದಾಗ 6 ಮಿಲಿಆಂಪಿಯರ್ ಎಂದು ಬಂತು. ಹಿಂದಿನ ವರ್ಷ ನಾನೇ ಹಾಕಿಸಿದ್ದ ಜಿಪಿಎಸ್ ಟ್ರ್ಯಾಕರ್ ಅದರಲ್ಲಿ ಹೆಚ್ಚಿನ ಪಾಲನ್ನು ಕುಡಿಯುತ್ತಿತ್ತು. ದಿನಕ್ಕೆ 24 ಗಂಟೆ, ಅರವತ್ತು ದಿನ ಎಂದು ಗುಣಿಸಿದರೆ 8.6 ಆಂಪಿಯರ್-ಗಂಟೆಯಾಗುತ್ತದೆ, ನನ್ನ ಬ್ಯಾಟರಿಯ ಪೂರ್ತಿ ಸಾಮರ್ಥ್ಯವೆಂದು ಅದರ ಮೇಲೆ ಬರೆದಿರುವುದೇ 9 ಆಂಪಿಯರ್-ಗಂಟೆ.

ಅಂದು ಅವಸರದಲ್ಲಿ ನಾನು ಮಾಡಿದ ಕೆಲಸವನ್ನು ಬೇರೆಯವರು ಮಾಡಬಾರದೆಂಬ ಕಾರಣಕ್ಕೇ ಈ ಅನುಭವವನ್ನು ಬರೆಯುತ್ತಿದ್ದೇನೆ. ನೆರೆಯ ತೋಟದ ಮನೆಯಲ್ಲಿ ಜೀಪಿನ ಬ್ಯಾಟರಿಗೆಂದು ಇಟ್ಟುಕೊಂಡಿದ್ದ, ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಭಾರದ ಚಾರ್ಜರನ್ನು ತಂದು, ಬ್ಯಾಟರಿಯನ್ನು ಬೈಕಿನಿಂದ ಬಿಚ್ಚಿ, ರಾತ್ರಿ ಜೋಡಿಸಿ ಮಲಗಿಬಿಟ್ಟೆ. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆರೆದಾಗ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಬ್ಯಾಟರಿಯ ಎರಡೂ ಪಕ್ಕ ಉಬ್ಬಿಕೊಂಡಿತ್ತು, ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಮೊದಲು ಗೋಡೆಯ ಸ್ವಿಚ್ ಆರಿಸಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಅರ್ಧ ದಿನ ಯಾರನ್ನೂ ಒಳಗೆ ಬಿಡಲಿಲ್ಲ. ಸೀಲ್ ಆದ ಬ್ಯಾಟರಿಯಲ್ಲಿ ನೀರು ಒಡೆದು ಹುಟ್ಟುವ ಹೈಡ್ರೋಜನ್ ಗಾಳಿಯಲ್ಲಿ ಶೇ. 4ರಷ್ಟು ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ, ಮತ್ತು ಆ ಕೊಟ್ಟಿಗೆಯಲ್ಲಿ ಒಣಹುಲ್ಲಿತ್ತು. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಚಾರ್ಜರ್ ಬ್ಯಾಟರಿಗೆ ಸುಮಾರು 5 ಆಂಪಿಯರ್ ತಳ್ಳುತ್ತಿತ್ತು ಎಂಬುದು ತಪ್ಪಿನ ಅರ್ಧ ಭಾಗ ಮಾತ್ರ. ಉಳಿದರ್ಧ ಹೆಚ್ಚು ಮುಖ್ಯವಾದದ್ದು: ಬ್ಯಾಟರಿ ತುಂಬಿದ್ದು ಅದಕ್ಕೆ ತಿಳಿಯುತ್ತಿರಲಿಲ್ಲ, ಹಾಗಾಗಿ ವೋಲ್ಟೇಜ್ 15, 16 ಎಂದು ಏರುತ್ತಲೇ ಹೋಯಿತು. ಅಂಗಡಿಯಲ್ಲಿ ಚಾರ್ಜರ್ ಕೇಳುವಾಗ ನಾವೆಲ್ಲ ಎಷ್ಟು ಆಂಪಿಯರ್ ಎಂದು ಕೇಳುತ್ತೇವೆ; ಕೇಳಬೇಕಾದದ್ದು ಯಾವ ವೋಲ್ಟಿನಲ್ಲಿ ತಡೆದು ನಿಲ್ಲುತ್ತದೆ ಎಂದು. ಸಾಮಾನ್ಯ 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿಯೊಳಗೆ ಆರು ಸೆಲ್‌ಗಳಿರುತ್ತವೆ. ಪೂರ್ತಿ ತುಂಬಿ ವಿಶ್ರಮಿಸಿದಾಗ ಅದು 12.6ರಿಂದ 12.8 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ವಾರಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದರ ಮೊದಲಿನ ಶಕ್ತಿ ಮರಳುವುದಿಲ್ಲ. ತುಂಬಿಸುವಾಗ ಸುಮಾರು 14.4 ವೋಲ್ಟ್ ತನಕ ಏರಿ, ಅಲ್ಲಿ ನಿಂತು, ಬ್ಯಾಟರಿ ಎಳೆಯುವ ಕರೆಂಟ್ ತಾನಾಗಿ ಕ್ಷೀಣಿಸುವವರೆಗೆ ಕಾದು, ಬಳಿಕ 13.5ರ ಆಸುಪಾಸಿಗೆ ಇಳಿದು ಕಾಪಾಡಿಕೊಂಡಿರುವ ಚಾರ್ಜರ್ ನನಗೆ ಬೇಕಾಗಿತ್ತು.

ಕರೆಂಟಿನ ಲೆಕ್ಕ ಸುಲಭ: ಬ್ಯಾಟರಿಯ ಆಂಪಿಯರ್-ಗಂಟೆಯ ಹತ್ತನೇ ಒಂದು ಭಾಗ ನಿಧಾನವಾದ, ಸುರಕ್ಷಿತ ಗತಿ. 9 ಆಂಪಿಯರ್-ಗಂಟೆಯ ಬ್ಯಾಟರಿಗೆ 0.9 ಆಂಪಿಯರ್ ಎಂದಾಯಿತು, ಆದ್ದರಿಂದ 1 ಆಂಪಿಯರ್‌ನ ಚಾರ್ಜರ್ ನನಗೆ ಸಾಕಾಯಿತು. ಪೂರ್ತಿ ಇಳಿದ ಬ್ಯಾಟರಿಗೆ ಅದು ಹತ್ತು ಹನ್ನೆರಡು ಗಂಟೆ ತೆಗೆದುಕೊಳ್ಳುತ್ತದೆ, ಅವಸರವಿಲ್ಲದವನಿಗೆ ಅದೇ ಒಳ್ಳೆಯದು. 3 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿ ಇರುವ ಸ್ಕೂಟರಿಗೆ ಇದೇ ಚಾರ್ಜರ್ ಕೊಂಚ ಜಾಸ್ತಿಯೇ ಆಗುತ್ತದೆ, ಅಂಥವರು ಅರ್ಧ ಆಂಪಿಯರ್‌ನದನ್ನು ಹುಡುಕಬೇಕು.

ಬ್ಯಾಟರಿಯ ಜಾತಿಯನ್ನು ನೋಡದೆ ಚಾರ್ಜರ್ ಕೊಳ್ಳಬಾರದು. ಮುಚ್ಚಳ ಬಿಚ್ಚಿ ಡಿಸ್ಟಿಲ್ಡ್ ವಾಟರ್ ಹಾಕುವ ಹಳೆಯ ಮಾದರಿ ಕೊಂಚ ಹೆಚ್ಚು ಚಾರ್ಜ್ ಆದರೂ ನೀರು ಕಳೆದುಕೊಂಡು ಸುಧಾರಿಸಿಕೊಳ್ಳುತ್ತದೆ, ಕಳೆದ ನೀರನ್ನು ನಾವು ಮರಳಿ ತುಂಬಬಹುದು. ಈಗಿನ ಬೈಕುಗಳಲ್ಲಿ ಸಾಮಾನ್ಯವಾದ ಸೀಲ್ ಆದ ವಿಆರ್‌ಎಲ್‌ಎ ಬ್ಯಾಟರಿಯಲ್ಲಿ ಕಳೆದ ನೀರು ಕಳೆದಂತೆಯೇ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿಕೊಂಡವರಿಗೆ ಅದಕ್ಕೆಂದೇ ಮಾಡಿದ ಚಾರ್ಜರೇ ಬೇಕು. ಕೆಲವು ಚಾರ್ಜರುಗಳಲ್ಲಿ ಸಲ್ಫೇಟ್ ಕರಗಿಸುವ ಮೋಡ್ ಎಂಬುದೊಂದಿರುತ್ತದೆ. ಅದು ವೋಲ್ಟೇಜನ್ನು 15ರ ಮೇಲಕ್ಕೆ ಏರಿಸಬಲ್ಲದು. ಲಿಥಿಯಂ ಬ್ಯಾಟರಿಗೆ ಅದು ಅಪಾಯಕರ. ಬ್ಯಾಟರಿ ಬೈಕಿನಲ್ಲೇ ಜೋಡಿಸಿರುವಾಗ ಇಸಿಯು ಮತ್ತು ಎಬಿಎಸ್‌ಗಳಿಗೂ ಒಳ್ಳೆಯದಲ್ಲ. ನಾನು ಆ ಮೋಡ್ ಇಲ್ಲದ ಚಾರ್ಜರನ್ನೇ ಕೊಂಡೆ.

ಮಲೆನಾಡಿನವರಿಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಮಳೆಗಾಲದ ರಾತ್ರಿ ಕರೆಂಟ್ ಹೋಗದೆ ಇರುವುದೇ ಅಪರೂಪ. ಕೆಲವು ಚಾರ್ಜರುಗಳಲ್ಲಿ ಕರೆಂಟ್ ಮರಳಿದ ಮೇಲೆ ಮತ್ತೆ ಬಟನ್ ಒತ್ತಿ ಬ್ಯಾಟರಿಯ ಮಾದರಿಯನ್ನು ಆರಿಸಬೇಕಾಗುತ್ತದೆ, ಯಾರೂ ಒತ್ತದಿದ್ದರೆ ಅದು ಸುಮ್ಮನೆ ಕುಳಿತಿರುತ್ತದೆ. ನಾಲ್ಕು ದಿನ ಬಿಟ್ಟು ನೋಡಿದಾಗ ಬ್ಯಾಟರಿ ಮೊದಲಿದ್ದಲ್ಲೇ ಇರುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಪ್ಲಗ್ ತೆಗೆದು ಮತ್ತೆ ಹಾಕಿಸಿ, ತಾನಾಗಿ ಮುಂದುವರಿಯುತ್ತದೆಯೇ ಎಂದು ನಾನು ನೋಡಿಕೊಂಡೆ. ಮನೆಗೆ ತಂದ ಮೊದಲ ದಿನ ಗಂಟೆಗೊಮ್ಮೆ ಬ್ಯಾಟರಿಯ ತುದಿಗಳಿಗೆ ಮೀಟರ್ ಹಿಡಿದು ಪುಸ್ತಕದಲ್ಲಿ ಬರೆದೆ. ಎಂಟನೆಯ ಗಂಟೆಗೆ 14.4 ಮುಟ್ಟಿ, ಮರುದಿನ ಬೆಳಿಗ್ಗೆ 13.6ರಲ್ಲಿ ನಿಂತದ್ದನ್ನು ಕಂಡ ಮೇಲಷ್ಟೇ ಅದನ್ನು ನಂಬಿದೆ. ಡಬ್ಬದ ಮೇಲೆ ಏನೇ ಅಚ್ಚಾಗಿರಲಿ, ಈ ಒಂದು ದಿನದ ಪರೀಕ್ಷೆಯನ್ನು ಯಾರೂ ಬಿಡಬಾರದೆಂದು ನನ್ನ ದೃಢವಾದ ಅಭಿಪ್ರಾಯ.

ಈಗ ನಾನು ಚಾರ್ಜ್ ಮಾಡುವುದು ಕೊಟ್ಟಿಗೆಯಲ್ಲಲ್ಲ. ಮುಂಭಾಗದ ಜಗಲಿಯಲ್ಲಿ, ಗಾಳಿಯಾಡುವ, ಆದರೆ ಎರಚಲು ಬಡಿಯದ ಕಡೆ, ಸಿಮೆಂಟ್ ನೆಲದ ಮೇಲೆ. ಒಲೆ, ದೀಪ, ಬೀಡಿ, ಪೆಟ್ರೋಲ್ ಡಬ್ಬಿ ಯಾವುದೂ ಹತ್ತಿರವಿರುವುದಿಲ್ಲ. ಪ್ಲಗ್ ನೇರವಾಗಿ ಅರ್ತ್ ಇರುವ ಗೋಡೆಯ ಸಾಕೆಟ್ಟಿಗೆ ಹೋಗುತ್ತದೆ. ಒದ್ದೆ ನೆಲದ ಮೇಲೆ ಹರಿದಾಡುವ ಎಕ್ಸ್‌ಟೆನ್ಷನ್ ಬೋರ್ಡನ್ನು ನಾನು ಬಳಸುವುದಿಲ್ಲ. ಆ ಸಾಕೆಟ್ಟಿನ ವೈರಿಂಗಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯೊಂದನ್ನು (ಕರೆಂಟ್ ಸೋರಿದರೆ ತಾನಾಗಿ ಕಡಿದುಹಾಕುವ ಸ್ವಿಚ್ಚನ್ನು) ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿದ್ದೇನೆ.

ಬ್ಯಾಟರಿಯನ್ನು ಬೈಕಿನಿಂದ ಬಿಚ್ಚುವಾಗ ಮೊದಲು ಕಪ್ಪು, ಅಂದರೆ ನೆಗೆಟಿವ್. ಇದು ಬರಿಯ ಸಂಪ್ರದಾಯವಲ್ಲ: ಬೈಕಿನ ಚಾಸಿ ಪೂರ್ತಿ ನೆಗೆಟಿವ್‌ಗೆ ಜೋಡಿಸಿರುತ್ತದೆ, ಕಪ್ಪು ವೈರ್ ಇನ್ನೂ ಇರುವಾಗಲೇ ಕೆಂಪಿನ ಬೋಲ್ಟ್ ತಿರುಗಿಸುವ ಸ್ಪ್ಯಾನರ್ ಚಾಸಿಗೆ ತಗುಲಿದರೆ ನೇರ ಶಾರ್ಟ್ ಆಗಿ ಸ್ಪ್ಯಾನರೇ ಕೆಂಪಗೆ ಕಾಯುತ್ತದೆ. ಕಪ್ಪನ್ನು ಮೊದಲು ಬಿಚ್ಚಿದ್ದರೆ ಅದೇ ಸ್ಪರ್ಶದಿಂದ ಏನೂ ಆಗುವುದಿಲ್ಲ. ಮರಳಿ ಹಾಕುವಾಗ ಕೆಂಪು ಮೊದಲು, ಕಪ್ಪು ಕೊನೆಗೆ. ಚಾರ್ಜರಿನ ಕ್ಲಿಪ್ಪುಗಳಿಗೂ ಇದೇ ಕ್ರಮ, ಆದರೆ ಎರಡೂ ಕ್ಲಿಪ್ ಗಟ್ಟಿಯಾಗಿ ಕಚ್ಚಿದ ಮೇಲೆಯೇ ಗೋಡೆಯ ಸ್ವಿಚ್ ಹಾಕುತ್ತೇನೆ, ಮತ್ತು ತೆಗೆಯುವಾಗ ಮೊದಲು ಸ್ವಿಚ್ ಆರಿಸುತ್ತೇನೆ. ಹಾಗೆ ಮಾಡಿದರೆ ಬ್ಯಾಟರಿಯ ಪಕ್ಕದಲ್ಲಿ ಕಿಡಿ ಹಾರುವ ಸಂದರ್ಭವೇ ಬರುವುದಿಲ್ಲ. ನೀರು ಹಾಕುವ ಬ್ಯಾಟರಿಯಾದರೆ ಕನ್ನಡಕ ಮತ್ತು ರಬ್ಬರ್ ಕೈಗವಸು ಬೇಕು, ಪಕ್ಕದಲ್ಲಿ ಒಂದು ಬಕೆಟ್ ನೀರಿರಬೇಕು; ಆಸಿಡ್ ಮೈಗೆ ಸಿಡಿದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆಯುತ್ತಿರಬೇಕು, ಕಣ್ಣಿಗಾದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಬೇಕು.

ಕಲಬುರಗಿಯಲ್ಲಿರುವ ನನ್ನ ತಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅವನು ನನ್ನದೇ ಮಾದರಿಯ ಚಾರ್ಜರ್ ಕೊಂಡ. ಏಪ್ರಿಲ್‌ನಲ್ಲಿ ಅವನ ಶೆಡ್ಡು 40 ಡಿಗ್ರಿ ಮುಟ್ಟುತ್ತದೆ. ಬ್ಯಾಟರಿ ಬಿಸಿಯಾದಷ್ಟೂ ಅದನ್ನು ತುಂಬಿಸುವ ವೋಲ್ಟೇಜ್ ಕಡಿಮೆಯಿರಬೇಕು. 25 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೆ 12 ವೋಲ್ಟ್ ಬ್ಯಾಟರಿಗೆ ಸುಮಾರು 20ರಿಂದ 25 ಮಿಲಿವೋಲ್ಟ್ ಇಳಿಸಬೇಕು, ಅಂದರೆ 40 ಡಿಗ್ರಿಯಲ್ಲಿ 14.4ರ ಬದಲು 14.1ರ ಸಮೀಪ. ಉಷ್ಣತೆಯನ್ನು ಗ್ರಹಿಸಿ ತಾನೇ ಹೊಂದಿಸಿಕೊಳ್ಳುವ ಸೆನ್ಸರ್ ನಮ್ಮಿಬ್ಬರ ಚಾರ್ಜರಿನಲ್ಲೂ ಇಲ್ಲ. ಮೂಡಿಗೆರೆಯ ಜುಲೈಯಲ್ಲಿ ನನಗೆ ಅದರ ಕೊರತೆ ತಿಳಿಯುವುದಿಲ್ಲ; ತಮ್ಮನಿಗೆ ಮಾತ್ರ ರಾತ್ರಿ ತಂಪಾದ ಮೇಲೆ ಜೋಡಿಸಿ ಬೆಳಿಗ್ಗೆ ಬಿಸಿಲೇರುವ ಮುನ್ನ ತೆಗೆಯಲು ಹೇಳಿದ್ದೇನೆ.

ಟ್ರ್ಯಾಕರಿನ ಫ್ಯೂಸನ್ನು ಈಗ ಪ್ರತಿ ಜೂನ್‌ನಲ್ಲಿ ಕಿತ್ತಿಡುತ್ತೇನೆ. ಅದಾದ ಮೇಲೆ ಮೂರು ವಾರಕ್ಕೊಮ್ಮೆ ಒಂದು ರಾತ್ರಿ ಚಾರ್ಜ್ ಮಾಡಿದರೆ ಸಾಕಾಗುತ್ತದೆ. ಚಾರ್ಜರ್ ತೆಗೆದ ಕೂಡಲೇ ಮೀಟರ್ 13ರ ಮೇಲೆ ತೋರಿಸುವುದನ್ನು ಕಂಡು ಮೊದಮೊದಲು ಸಂತೋಷಪಡುತ್ತಿದ್ದೆ, ಆದರೆ ಅದು ಬೇಗನೆ ಇಳಿದುಹೋಗುವ ಮೇಲ್ಮೈಯ ಚಾರ್ಜ್ ಅಷ್ಟೇ. ಅರ್ಧ ದಿನ ಬಿಟ್ಟು ಅಳೆದ ಅಂಕಿಯನ್ನು ಮಾತ್ರ ಪುಸ್ತಕದಲ್ಲಿ ಬರೆಯುತ್ತೇನೆ. ಸೆಲ್ಫ್ ಒತ್ತಿರುವ ಕ್ಷಣದಲ್ಲೂ ಒಮ್ಮೆ ನೋಡುತ್ತೇನೆ: ಆಗ 10ರ ಕೆಳಗೆ ಕುಸಿದರೆ ಬ್ಯಾಟರಿ ದಣಿದಿದೆ ಎಂದು ಭಾವಿಸುತ್ತೇನೆ.

ಉಬ್ಬಿದ ಆ ಹಳೆಯ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲಿಲ್ಲ. ತಣ್ಣಗಾದ ಮೇಲೆ ಅಳೆದಾಗ 10.5 ವೋಲ್ಟ್ ಎಂದಿತ್ತು. ಒಂದು ಸೆಲ್ಲಿಗೆ 2.1 ವೋಲ್ಟ್, ಐದು ಸೆಲ್ಲಿಗೆ 10.5, ಅಂದರೆ ಆರರಲ್ಲೊಂದು ಸತ್ತಿತ್ತು. ಯಾವ ಚಾರ್ಜರೂ ಅದನ್ನು ಎಬ್ಬಿಸಲಾರದು. ನೇರವಾಗಿ ನಿಲ್ಲಿಸಿ, ತುದಿಗಳಿಗೆ ಟೇಪ್ ಸುತ್ತಿ, ಮೂಡಿಗೆರೆಯ ಬ್ಯಾಟರಿ ಅಂಗಡಿಗೆ ಕೊಂಡೊಯ್ದೆ. ಅವರು ಹಳೆಯದರ ಸೀಸದ ಬೆಲೆಯನ್ನು ಕಳೆದು ಹೊಸದನ್ನು ಕೊಟ್ಟರು. ಆ ಹೊಸ ಬ್ಯಾಟರಿಯನ್ನು ಬೈಕಿಗೆ ಹಾಕುವ ಮುನ್ನವೇ ಜಗಲಿಯಲ್ಲಿ ಒಂದು ಇಡೀ ರಾತ್ರಿ 1 ಆಂಪಿಯರ್‌ನಲ್ಲಿ ತುಂಬಿಸಿದೆ, ಮರುದಿನ ಸಂಜೆ ಅಳೆದಾಗ 12.8 ಇತ್ತು.