ಪಂಚಾಯಿತಿ ಕಟ್ಟಡಕ್ಕೆ ರ‍್ಯಾಂಪ್: ಇಂಚಿಗೊಂದು ಅಡಿ ಲೆಕ್ಕ

ಗಾಲಿಕುರ್ಚಿ ಬಳಸುವವರನ್ನು ಗ್ರಾಮಸಭೆಯಿಂದಲೋ ಗ್ರಂಥಾಲಯದಿಂದಲೋ ದೂರ ಇಡಲು ಮೂರು ಮೆಟ್ಟಿಲು ಸಾಕು. ಹೆಸರಿಗೆ ರ‍್ಯಾಂಪ್ ಇರುವ ಕಟ್ಟಡಗಳಿಗೇನೂ ಕೊರತೆಯಿಲ್ಲ, ಆದರೆ ಅವುಗಳಲ್ಲಿ ಬಹಳಷ್ಟು ಬೈಕ್ ಹತ್ತಿಸಲಷ್ಟೇ ಲಾಯಕ್ಕು.

ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಮೇಸ್ತ್ರಿಗೆ ಹೇಳುವಾಗ ‘ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ’ ಎಂದರೆ ತಪ್ಪಾಗದು. ಆರು ಇಂಚಿನ ಮೂರು ಮೆಟ್ಟಿಲಿಗೆ 18 ಅಡಿ. ಆದರೆ ಮೆಟ್ಟಿಲು ಎಣಿಸಿ ಲೆಕ್ಕ ಹಾಕಬೇಡಿ. ಅಂಗಳ ರಸ್ತೆಯತ್ತ ಇಳಿದಿರುತ್ತದೆ. ಲೆವೆಲ್ ಪೈಪಿನ (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು) ಒಂದು ತುದಿಯನ್ನು ಹೊಸ್ತಿಲಲ್ಲಿ, ಇನ್ನೊಂದನ್ನು ರ‍್ಯಾಂಪ್ ಶುರುವಾಗುವಲ್ಲಿ ಹಿಡಿದು ಅಳೆಯಿರಿ. ನೆಲ ನಾಲ್ಕು ಇಂಚು ತಗ್ಗಿದ್ದರೆ ಉದ್ದ ಮತ್ತೆ ನಾಲ್ಕು ಅಡಿ ಬೇಕು. ಜಾಗ ಸಾಲದೆಂದು ಆರಡಿಗೇ ಮುಗಿಸಿದರೆ ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ಮೇಲೆದ್ದು, ಕೂತವರು ಹಿಂದಕ್ಕೆ ಮಗುಚುತ್ತಾರೆ. ಅದರ ಬದಲು ಒಂಬತ್ತು ಅಡಿಗೆ ತಿರುವು ಕೊಟ್ಟು ಎರಡು ಭಾಗ ಮಾಡಿ. ತಿರುವಿನಲ್ಲಿ, ಮೇಲೆ, ಕೆಳಗೆ ಕನಿಷ್ಠ ಐದಡಿ ಉದ್ದಗಲದ ಸಮತಟ್ಟು ಜಾಗ ಇರಲೇಬೇಕು. ಮೇಲಿನ ಸಮತಟ್ಟು ಬಿಟ್ಟರೆ ಬಾಗಿಲು ತೆರೆಯುವಾಗ ಕುರ್ಚಿ ಹಿಂದಕ್ಕೆ ಜಾರುತ್ತದೆ.

ಅಗಲ 1200 ಮಿ.ಮೀ., ಅಂದರೆ ನಾಲ್ಕಡಿ. ಇದು ಕೈಹಿಡಿ ಕಂಬಿಗಳ ನಡುವಿನ ಅಳತೆ. ಗಾಲಿ ಹೊರಕ್ಕೆ ಜಾರದಂತೆ ಎರಡೂ ಅಂಚಿಗೆ ಮೂರು ಇಂಚಿನ ಕಟ್ಟೆ ಕಟ್ಟಿಸಿ. ಕೈಹಿಡಿ ಕಂಬಿಯೂ ಎರಡೂ ಬದಿಗೆ, 900 ಮತ್ತು 760 ಮಿ.ಮೀ. ಎತ್ತರದಲ್ಲಿ ಎರಡು ಸಾಲು. ಕುರ್ಚಿಯಲ್ಲಿ ಕೂತವರಿಗೂ ಮಕ್ಕಳಿಗೂ ಎಟುಕುವುದು ಕೆಳಗಿನದು. ಎರಡೂ ತುದಿಯಲ್ಲಿ ಇಳಿಜಾರು ಮುಗಿದ ಮೇಲೂ ಒಂದಡಿ ಮುಂದಕ್ಕೆ ಚಾಚಿರಲಿ.

ಮಣ್ಣನ್ನು ಆರಾರು ಇಂಚಿನ ಪದರದಲ್ಲಿ ನೀರು ಹಾಕಿ ದಮ್ಮಸು ಮಾಡಿಸಿ. ಒಮ್ಮೆಗೇ ತುಂಬಿದರೆ ಮಳೆಗಾಲಕ್ಕೆ ಕುಸಿದು ಕಾಂಕ್ರೀಟ್ ಬಿರುಕು ಬಿಡುತ್ತದೆ. ಮೇಲ್ಮೈಗೆ ಗ್ರಾನೈಟ್, ಟೈಲ್ಸ್, ನುಣುಪು ಸಿಮೆಂಟ್ ಬೇಡವೇ ಬೇಡ, ಒದ್ದೆಯಾದರೆ ಜಾರುತ್ತವೆ. ಕಾಂಕ್ರೀಟ್ ಹಸಿಯಿರುವಾಗಲೇ ಕಸಬರಿಗೆಯಿಂದ ಅಡ್ಡಡ್ಡ ಗೆರೆ ಎಳೆಸಿ, ಕನಿಷ್ಠ ಏಳು ದಿನ ನೀರುಣಿಸಿ. ಕೆಳಗಿನ ಚರಂಡಿಗೆ ಕಬ್ಬಿಣದ ಜಾಲರಿ ಹಾಕುವುದಾದರೆ ಸರಳುಗಳು ಓಡಾಟದ ದಿಕ್ಕಿಗೆ ಅಡ್ಡವಾಗಿರಲಿ, ಸಂದು 12 ಮಿ.ಮೀ. ಮೀರದಿರಲಿ. ಹೊಸ್ತಿಲ ಎತ್ತರಕ್ಕೂ ಅದೇ ಮಿತಿ. ಬಾಗಿಲಲ್ಲಿ 900 ಮಿ.ಮೀ. ತೆರಪಿಲ್ಲದಿದ್ದರೆ ಇಷ್ಟೆಲ್ಲ ಕಟ್ಟಿಯೂ ದಂಡ.

ಹಣಕ್ಕೆ ಪಂಚಾಯಿತಿಯಲ್ಲೇ ದಾರಿಯಿದೆ: ಅಂಗವಿಕಲರಿಗೆಂದು ಮೀಸಲಿಡಬೇಕಾದ ಶೇ 5ರ ಅನುದಾನ. ಊರಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಂಡು ಪಿಡಿಒಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ, ಕ್ರಿಯಾಯೋಜನೆ ತಯಾರಾಗುವ ಮೊದಲೇ ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ. ಅಂಗವಿಕಲರ ಹಕ್ಕುಗಳ ಕಾಯ್ದೆ–2016ರ 45ನೇ ಕಲಂ ಅನ್ನೂ ಅರ್ಜಿಯಲ್ಲಿ ಬರೆಯಿರಿ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಅದು ಕೊಟ್ಟದ್ದು ನಿಯಮ ಬಂದ ದಿನದಿಂದ ಐದು ವರ್ಷ. ನಿಯಮ ಬಂದದ್ದು 2017ರಲ್ಲಿ.

ಕೆಲಸ ಕೆಡುವುದು ಹೆಚ್ಚಾಗಿ ಅಂದಾಜು ಪಟ್ಟಿಯಲ್ಲೇ. ಅಲ್ಲಿ ‘ರ‍್ಯಾಂಪ್–1’ ಎಂದಷ್ಟೇ ಇದ್ದರೆ ಗುತ್ತಿಗೆದಾರ ಆರಡಿ ಕಟ್ಟಿ ಬಿಲ್ ಮಾಡುತ್ತಾನೆ, ಅವನನ್ನು ಕೇಳಲು ಆಧಾರವಿರುವುದಿಲ್ಲ. ಎತ್ತರ, ಉದ್ದ, 1:12 ಇಳಿಜಾರು, ಅಗಲ, ಕೈಹಿಡಿ ಕಂಬಿ ಎಲ್ಲವನ್ನೂ ಎಂಜಿನಿಯರ್ ಕೈಯಲ್ಲಿ ಬರೆಸಿ. ಬಿಲ್ ಪಾಸಾಗುವ ಮುಂಚೆ ಟೇಪು ಹಿಡಿದು ಅಳೆಯಿರಿ. ಆಮೇಲೆ ಗಾಲಿಕುರ್ಚಿ ಬಳಸುವವರೇ ಒಬ್ಬರು, ಹಿಂದಿನಿಂದ ಯಾರೂ ತಳ್ಳದೆ, ಹತ್ತಿ ಇಳಿದು ನೋಡಲಿ.