ಕೆಳಗಿನ ಪ್ರಿಂಟರ್ ಮಹಡಿಯವರ ಮಾತು ಕೇಳದಿದ್ದಾಗ

ನಮ್ಮ ಮನೆಯ ಪ್ರಿಂಟರ್ ಇರುವುದು ಕೆಳಗೆ, ಅಪ್ಪನ ಕಂಪ್ಯೂಟರಿನ ಪಕ್ಕ. ನಾನು ಕೂರುವುದು ಮಹಡಿಯಲ್ಲಿ. ಕಳೆದ ಮಳೆಗಾಲದಲ್ಲಿ ಒಂದು ಪಹಣಿ ಪ್ರಿಂಟ್ ತೆಗೆಯಲು ಹೋಗಿ ಎರಡು ಸಂಜೆ ಹಾಳು ಮಾಡಿಕೊಂಡೆ. ಡ್ರೈವರ್ (ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿದೆ, ಕೇಬಲ್ ಬದಲಿಸಿದೆ, ಟೋನರನ್ನೂ ಒಮ್ಮೆ ಕುಲುಕಿ ನೋಡಿದೆ. ಪ್ರಿಂಟರಿಗೆ ಏನೂ ಆಗಿರಲಿಲ್ಲ. ಹೊಸ ರೂಟರ್ ಬಂದ ದಿನ ವಿಂಡೋಸ್ ಕೇಳಿದ ಒಂದು ಪ್ರಶ್ನೆಗೆ ಅಪ್ಪ ‘ನೋ’ ಒತ್ತಿದ್ದರು. ಅಂದಿನಿಂದ ಆ ಕಂಪ್ಯೂಟರ್ ನಮ್ಮ ಮನೆಯ ವೈಫೈಯನ್ನು ಬಸ್ ನಿಲ್ದಾಣದ ವೈಫೈ ಎಂದೇ ತಿಳಿದು, ಬಾಗಿಲು ಮುಚ್ಚಿಕೊಂಡು ಕೂತಿತ್ತು.

ಹಾಗಾಗಿ ಮೊದಲ ಮಾತು: ಡ್ರೈವರಿಗೆ ಕೈ ಹಾಕುವುದು ಕೊನೆಗೆ. ಕ್ಯಾನನ್ ಎಲ್‌ಬಿಪಿ 2900ಬಿ, ಎಚ್‌ಪಿ ಲೇಸರ್‌ಜೆಟ್ 1020 ಪ್ಲಸ್‌ನಂಥ, ನಮ್ಮಲ್ಲಿ ಎಷ್ಟೋ ಮನೆ ಮತ್ತು ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಪ್ರಿಂಟರುಗಳಿಗೆ ಯುಎಸ್‌ಬಿ ಬಿಟ್ಟರೆ ಬೇರೆ ದಾರಿಯಿಲ್ಲ. ನೆಟ್‌ವರ್ಕ್ ಎಂದರೆ ಏನೆಂದೇ ಅವಕ್ಕೆ ಗೊತ್ತಿಲ್ಲ. ನೀವು ಮಹಡಿಯಿಂದ ಕೇಳುವುದು ಪ್ರಿಂಟರನ್ನಲ್ಲ, ಅದಕ್ಕೆ ಕೇಬಲ್ ಕೊಟ್ಟಿರುವ ಕಂಪ್ಯೂಟರನ್ನು. ಅದನ್ನು ಇಲ್ಲಿ ಯಜಮಾನ ಕಂಪ್ಯೂಟರ್ ಎನ್ನೋಣ. ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಮೊದಲು ಯಜಮಾನನ ಬಳಿ

ಯಜಮಾನ ಕಂಪ್ಯೂಟರಿನಿಂದಲೇ ಒಂದು ಟೆಸ್ಟ್ ಪೇಜ್ ತೆಗೆಯಿರಿ. ಅಲ್ಲೇ ಬರದಿದ್ದರೆ ನೆಟ್‌ವರ್ಕಿನ ಪಂಚಾಯ್ತಿ ಬೇಡ. ಕ್ಯೂನಲ್ಲಿ, ಅಂದರೆ ಪ್ರಿಂಟಿಗೆ ಕಾದಿರುವ ಕೆಲಸಗಳ ಸಾಲಿನಲ್ಲಿ, ಯಾವುದೋ ಹಳೆಯ ಜಾಬ್ ಸಿಕ್ಕಿಕೊಂಡು ಅಳಿಸಲೂ ಬಾರದಂತೆ ನಿಂತಿದ್ದರೆ, ಸರ್ವೀಸಸ್ ತೆರೆದು, ಆ ಸಾಲನ್ನು ನಡೆಸುವ ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿ. ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್ ಇದೆ. ಅದರಲ್ಲಿರುವ ಫೈಲುಗಳನ್ನು ಮಾತ್ರ ಅಳಿಸಿ (ಫೋಲ್ಡರನ್ನಲ್ಲ), ಸ್ಪೂಲರನ್ನು ಮತ್ತೆ ಶುರು ಮಾಡಿ.

ಇನ್ನೊಂದು, ಹೇಳಲು ನಾಚಿಕೆಯಾಗುವಷ್ಟು ಸಣ್ಣದು: ಆ ಕಂಪ್ಯೂಟರ್ ಎಚ್ಚರವಾಗಿದೆಯೇ? ನಿದ್ದೆಗೆ ಜಾರಿದ ಯಜಮಾನ ಯಾರ ಕೂಗಿಗೂ ಓಗೊಡುವುದಿಲ್ಲ. ಬೆಳಿಗ್ಗೆ ಪ್ರಿಂಟ್ ಆಗಿ ಮಧ್ಯಾಹ್ನ ಆಗದಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ಸ್ಲೀಪ್ ಅವಧಿಯನ್ನು ‘ನೆವರ್’ ಮಾಡಿ. ಪರದೆ ಆರಿದರೆ ತೊಂದರೆಯಿಲ್ಲ.

ಇಬ್ಬರೂ ಒಂದೇ ನೆಟ್‌ವರ್ಕಿನಲ್ಲಿದ್ದೀರಾ?

ಎರಡೂ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್‌ನಿಂದ ನೆಟ್‌ವರ್ಕ್‌ಗೆ ಹೋಗಿ, ನಿಮ್ಮ ವೈಫೈ ಹೆಸರಿನ ಪ್ರಾಪರ್ಟೀಸ್ ತೆರೆಯಿರಿ. ಅಲ್ಲಿ ಐಪಿವಿ4 ವಿಳಾಸ (ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿನ ನಂಬರು) ಕಾಣುತ್ತದೆ. ಒಂದರಲ್ಲಿ 192.168.1.5, ಇನ್ನೊಂದರಲ್ಲಿ 192.168.1.9 ಎಂದಿದ್ದರೆ ಸಮಾಧಾನ. ಒಂದು 192.168.1 ಎಂದೂ ಇನ್ನೊಂದು 192.168.0 ಎಂದೂ ಶುರುವಾದರೆ ಮನೆಯೊಳಗೆ ಎರಡು ನೆಟ್‌ವರ್ಕ್ ಇವೆ ಎಂದರ್ಥ. ಫೈಬರ್ ಕಂಪನಿ ಹಾಲ್‌ನಲ್ಲಿ ಕೊಟ್ಟ ಡಬ್ಬಿಯ ಜೊತೆ ಮಹಡಿಗೆಂದು ನೀವೇ ಇನ್ನೊಂದು ರೂಟರ್ ತಂದು ಹಾಕಿದ ಮನೆಗಳಲ್ಲಿ ಇದು ಆಗುತ್ತಲೇ ಇರುತ್ತದೆ. ಇಂಟರ್‌ನೆಟ್ ಎರಡೂ ಕಡೆ ಚೆನ್ನಾಗಿ ಬರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಎರಡನೇ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಬದಲಾಯಿಸಿದರೆ ಎರಡೂ ಒಂದಾಗುತ್ತವೆ. ‘ಗೆಸ್ಟ್’ ವೈಫೈಗೆ ಸೇರಿದ ಲ್ಯಾಪ್‌ಟಾಪಿಗೂ ಮನೆಯ ಬೇರೆ ಕಂಪ್ಯೂಟರುಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಆಫೀಸಿನ ಲ್ಯಾಪ್‌ಟಾಪ್ ಆದರೆ ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಒಯ್ಯುವ ಖಾಸಗಿ ದಾರಿ) ಆಫ್ ಮಾಡಿ ಒಮ್ಮೆ ನೋಡಿ. ಮನೆಯಿಂದ ಕೆಲಸ ಮಾಡುವವರ ಅರ್ಧ ದೂರು ಅಲ್ಲಿಗೇ ಮುಗಿದೀತು.

ಅದೇ ಪ್ರಾಪರ್ಟೀಸ್ ಪುಟದಲ್ಲಿ ಪಬ್ಲಿಕ್, ಪ್ರೈವೇಟ್ ಎಂಬ ಎರಡು ಆಯ್ಕೆಗಳಿವೆ. ಅಪ್ಪನ ಕಂಪ್ಯೂಟರಿನಲ್ಲಿ ತಪ್ಪಿದ್ದು ಇದೇ. ಪ್ರೈವೇಟ್ ಆರಿಸಿ. ಆಮೇಲೆ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ವಿಭಾಗದ ಕೆಳಗೆ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ. ಹಳೆಯ ಮಾರ್ಗದರ್ಶಿ ಓದಿ ‘ಹೋಮ್‌ಗ್ರೂಪ್’ ಎಂಬ ಹಳೆಯ ಶೇರಿಂಗ್ ಸೌಲಭ್ಯವನ್ನು ಹುಡುಕುತ್ತಾ ಕೂರಬೇಡಿ. ವಿಂಡೋಸ್ 10ರ 2018ರ ಅಪ್‌ಡೇಟಿನಲ್ಲೇ ಅದನ್ನು ಕಿತ್ತುಹಾಕಿದ್ದಾರೆ.

ಯಜಮಾನ ಕಂಪ್ಯೂಟರಿನಲ್ಲಿ ಪ್ರಿಂಟರ್ ಪ್ರಾಪರ್ಟೀಸ್‌ನ ಶೇರಿಂಗ್ ಟ್ಯಾಬಿನಲ್ಲಿ ಟಿಕ್ ಹಾಕಿ, ಜಾಗ ಬಿಡದ ಚಿಕ್ಕ ಹೆಸರೊಂದನ್ನು ಕೊಡಿ. ಈಗ ಮಹಡಿಯ ಕಂಪ್ಯೂಟರಿನಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು, ಮೇಲಿನ ಅಡ್ರೆಸ್ ಪಟ್ಟಿಯಲ್ಲಿ \\192.168.1.5 ಎಂದು ಯಜಮಾನನ ವಿಳಾಸ ಟೈಪ್ ಮಾಡಿ. ಪ್ರಿಂಟರ್ ಕಂಡರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ. ಏನೂ ತೆರೆಯದಿದ್ದರೆ, ನೀವು ದುಡ್ಡು ಕೊಟ್ಟು ಹಾಕಿಸಿಕೊಂಡ ಆಂಟಿವೈರಸ್‌ಗೆ ತನ್ನದೇ ಫೈರ್‌ವಾಲ್ ಇದೆಯೇ ನೋಡಿ. ವಿಂಡೋಸ್ ಬಾಗಿಲು ತೆರೆದರೂ ಅದು ಅಗುಳಿ ಹಾಕಿರಬಹುದು.

ಪಾಸ್‌ವರ್ಡ್ ಎಂಬ ಗೋಳು

ಇಲ್ಲಿಯವರೆಗೆ ಬಂದವರು ಹೆಚ್ಚಾಗಿ ಎಡವುವುದು ಇಲ್ಲಿ. ಯಜಮಾನ ಕಂಪ್ಯೂಟರ್ ಬಳಕೆದಾರನ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಅಪ್ಪ ದಿನವೂ ಒತ್ತುವ ನಾಲ್ಕಂಕಿಯ ಪಿನ್ ಹಾಕಿದರೆ ಒಪ್ಪುವುದಿಲ್ಲ. ಪಿನ್ ಆ ಯಂತ್ರದ ಎದುರು ಕೂತವರಿಗೆ ಮಾತ್ರ. ಬೇಕಿರುವುದು ಖಾತೆಯ ನಿಜವಾದ ಪಾಸ್‌ವರ್ಡ್, ಅದು ಅಪ್ಪನಿಗೆ ನೆನಪಿರುವುದಿಲ್ಲ. ‘ನಮ್ಮದಕ್ಕೆ ಪಾಸ್‌ವರ್ಡೇ ಇಲ್ಲ’ ಎನ್ನುವ ಮನೆಗಳಲ್ಲಿ ಇನ್ನೂ ಕಷ್ಟ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ನೆಟ್‌ವರ್ಕಿನಿಂದ ಒಳಗೆ ಬಿಡಬಾರದೆಂಬುದು ವಿಂಡೋಸ್‌ನ ಮೂಲ ನಿಯಮ.

ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನನಗದು ಹಿಡಿಸುವುದಿಲ್ಲ. ಅಲ್ಲದೆ 2024ರ ವಿಂಡೋಸ್ 11 24ಎಚ್2 ಪ್ರೊ ಆವೃತ್ತಿ, ಹೆಸರು ಹೇಳದೆ ಅತಿಥಿಯಾಗಿ ಬೇರೆ ಯಂತ್ರದೊಳಗೆ ಹೋಗುವುದನ್ನೇ ತಡೆಯುತ್ತದೆ. ಬದಲಿಗೆ ಯಜಮಾನನಲ್ಲಿ ಪ್ರಿಂಟಿಗೆಂದೇ ಒಂದು ಲೋಕಲ್ ಖಾತೆ ತೆರೆಯಿರಿ. ಅಕೌಂಟ್ಸ್, ಅದರ್ ಯೂಸರ್ಸ್, ಆಡ್ ಅಕೌಂಟ್. ಅಲ್ಲಿ ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಸೇರಿಸುವ ಆಯ್ಕೆ ಹಿಡಿಯಿರಿ. ಅದಕ್ಕೊಂದು ಪಾಸ್‌ವರ್ಡ್ ಕೊಟ್ಟು, ಮಹಡಿಯಲ್ಲಿ ಕೇಳಿದಾಗ ಅದನ್ನೇ ಹಾಕಿ, ನೆನಪಿಟ್ಟುಕೊಳ್ಳಲು ಟಿಕ್ ಮಾಡಿ. ಹಿಂದೆ ಹಾಕಿದ ತಪ್ಪು ಪಾಸ್‌ವರ್ಡ್ ಉಳಿದುಕೊಂಡು ಕಾಡಿದರೆ, ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು ಅಳಿಸಿ.

ಪರದೆಯ ಮೇಲೆ ‘11ಬಿ’ ಎಂದು ಮುಗಿಯುವ ಎರರ್ ಕೋಡ್ ಬಂದರೆ ಕಥೆ ಬೇರೆ. 2021ರಲ್ಲಿ ವಿಂಡೋಸ್‌ನ ಪ್ರಿಂಟ್ ವ್ಯವಸ್ಥೆಯಲ್ಲಿ ಸಾಲುಸಾಲಾಗಿ ದೋಷಗಳು ಪತ್ತೆಯಾದವು. ಜುಲೈನಲ್ಲಿ ಸುದ್ದಿಯಾದ ‘ಪ್ರಿಂಟ್‌ನೈಟ್‌ಮೇರ್’ ನೆನಪಿರಬಹುದು. ಅವನ್ನು ಮುಚ್ಚಲು ಬಂದ ಅಪ್‌ಡೇಟುಗಳಿಂದ, ಅಪ್‌ಡೇಟ್ ಆದ ಯಂತ್ರಕ್ಕೂ ಆಗದ ಯಂತ್ರಕ್ಕೂ ಹೊಂದಾಣಿಕೆ ತಪ್ಪಿತು. ರಿಜಿಸ್ಟ್ರಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕಡತ) ತಿದ್ದಿ ಈ ರಕ್ಷಣೆಯನ್ನೇ ತೆಗೆಯಿರಿ ಎನ್ನುವವರ ಮಾತು ಕೇಳಬೇಡಿ. ಎರಡೂ ಕಂಪ್ಯೂಟರನ್ನು ಪೂರ್ತಿ ಅಪ್‌ಡೇಟ್ ಮಾಡಿ. ಡ್ರೈವರ್ ಹಾಕಲು ಅಡ್ಮಿನ್ ಅನುಮತಿ ಬೇಕೆಂಬ ನಿಯಮವೂ ಆ ವರ್ಷದ ಆಗಸ್ಟಿನಿಂದಲೇ ಬಂತು. ಮಕ್ಕಳ ಖಾತೆಯಿಂದ ಪ್ರಿಂಟರ್ ಸೇರದಿದ್ದರೆ ಕಾರಣ ಅದಿರಬಹುದು.

ನಿಮ್ಮ ಪ್ರಿಂಟರಿಗೆ ಸ್ವಂತ ವೈಫೈ ಇದ್ದರೆ, ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿದ್ದರೆ ಸಾಕು, ಯಜಮಾನನ ಗೋಳು ಬೇಡ. ಶೇರಿಂಗ್ ಬಿಟ್ಟು ಪ್ರತಿ ಕಂಪ್ಯೂಟರಿನಿಂದಲೂ ನೇರ ಸೇರಿಸಿ. ವಾರಕ್ಕೊಮ್ಮೆ ‘ಆಫ್‌ಲೈನ್’ ಎನ್ನುವ ಚಾಳಿ ಅದಕ್ಕಿದ್ದರೆ, ರೂಟರಿನ ಡಿಎಚ್‌ಸಿಪಿ ರಿಸರ್ವೇಶನ್‌ನಲ್ಲಿ (ವಿಳಾಸ ಕಾದಿರಿಸುವ ಸೆಟ್ಟಿಂಗ್) ಅದಕ್ಕೊಂದು ಖಾಯಂ ವಿಳಾಸ ಗೊತ್ತುಮಾಡಿ.

ಎಲ್ಲ ಸರಿಹೋಯಿತು ಎನ್ನಿಸಿದ ಗಳಿಗೆಯಲ್ಲಿ, ಪ್ರಿಂಟ್ ಒತ್ತುವ ಮೊದಲು ನಿಮ್ಮ ಕಂಪ್ಯೂಟರಿನ ಕ್ಯೂ ತೆರೆದು ಹಳೆಯ ಜಾಬುಗಳನ್ನು ಅಳಿಸಿ. ನಾನು ಅಳಿಸಿರಲಿಲ್ಲ. ಕೆಳಗೆ ಅಪ್ಪನ ಎದುರು ಅದೇ ಪಹಣಿ ಒಂದರ ಹಿಂದೊಂದು ಒಂಬತ್ತು ಪ್ರತಿ ಬಂದು ಬಿತ್ತು.